ಛಾಯಾಗ್ರಹಣ: ಗುಂಡಿ ಒತ್ತುವ ಕೆಲಸವೇ, ಲಲಿತಕಲೆಯೇ?



ಕೆಲವು ವರ್ಷಗಳ ಹಿಂದೆ ಒಂದು ಶಾಲಾ ವಸ್ತುಪ್ರದರ್ಶನದಲ್ಲಿ ಚಿತ್ರಕಲಾ ವಿಭಾಗದ ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಣ್ಣದ ಚಿತ್ರಗಳ ನಡುವೆ ಒಂದು ಫೋಟೋ ಇಟ್ಟಿದ್ದಳು. ಬೀಡಿ ಕಟ್ಟುತ್ತಿರುವ ಎರಡು ಮುದಿ ಕೈಗಳು, ಮಡಿಲಲ್ಲಿ ಮೊರ, ಮೊರದ ಅಂಚಿಗೆ ಬಿದ್ದ ಬೆಳಗಿನ ಬಿಸಿಲು. ಅಷ್ಟೆ. "ಇದು ಚಿತ್ರವಲ್ಲ, ಮೊಬೈಲಿನ ಗುಂಡಿ ಒತ್ತಿದ್ದು" ಎಂದು ಅದನ್ನು ಬದಿಗಿಟ್ಟೆವು. ನಾನೂ ಹೂಂಗುಟ್ಟಿದೆ. ಹುಡುಗಿ ಏನೂ ಕೇಳಲಿಲ್ಲ; ಫೋಟೋವನ್ನು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಹೋದಳು. ನಾವು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಉತ್ತರಕ್ಕಾಗಿ ಇತಿಹಾಸ ತಿರುವಿ ಹಾಕಿದೆ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕತೆ ಒಂದು ಕತ್ತಲೆ ಕೋಣೆಯಿಂದ ಆರಂಭವಾಗುತ್ತದೆ. ಕ್ರಿ.ಶ. 965ರ ಸುಮಾರಿಗೆ ಇರಾಕಿನ ಬಸ್ರಾದಲ್ಲಿ ಜನಿಸಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈಥಮ್ ಬೆಳಕನ್ನು ಕುರಿತು 'ಕಿತಾಬ್ ಅಲ್ ಮನಾಝಿರ್' ಎಂಬ ದೊಡ್ಡ ಗ್ರಂಥ ಬರೆದರು. ಅದರಲ್ಲಿ ಬರುವ ಒಂದು ಪ್ರಯೋಗವನ್ನು ನೀವೂ ಮಾಡಿ ನೋಡಬಹುದು. ಕತ್ತಲೆ ಕೋಣೆಗೆ ಒಂದು ಸಣ್ಣ ರಂಧ್ರ, ಹೊರಗೆ ಸಾಲಾಗಿ ಕೆಲವು ದೀಪಗಳು. ಒಳಗಿನ ಗೋಡೆಯ ಮೇಲೆ ದೀಪಕ್ಕೊಂದರಂತೆ ಬೆಳಕಿನ ಚುಕ್ಕೆಗಳು ಮೂಡುತ್ತವೆ. ಒಂದು ದೀಪವನ್ನು ಮುಚ್ಚಿದರೆ ಅದರ ಚುಕ್ಕೆ ಮಾತ್ರ ಮಾಯವಾಗುತ್ತದೆ, ಉಳಿದವು ಹಾಗೆಯೇ ಇರುತ್ತವೆ. ಅಂದರೆ ಒಂದೇ ರಂಧ್ರದಲ್ಲಿ ಹಾದುಬಂದರೂ ಬೆಳಕುಗಳು ಕಲಸಿಹೋಗುವುದಿಲ್ಲ. ಸೂರ್ಯಗ್ರಹಣದ ಬಿಂಬದ ಬಗೆಗೂ ಅವರು ಪ್ರತ್ಯೇಕವಾಗಿ ಬರೆದರು. ರಂಧ್ರ ಬಹಳ ಸಣ್ಣದಿದ್ದರೆ ಮಾತ್ರ ಬಿಂಬ ಬಾಲಚಂದ್ರನಂತೆ ಕಾಣುತ್ತದೆ, ದೊಡ್ಡದಾದರೆ ಆ ಆಕಾರ ಕೆಡುತ್ತದೆ ಎಂಬುದನ್ನು ವಿವರಿಸಿದರು.

ಇಲ್ಲಿ ಒಂದು ತಪ್ಪು ತಿದ್ದಬೇಕು. 'ಕ್ಯಾಮೆರಾ' ಎಂಬ ಪದ ಅರಬ್ಬಿ ಭಾಷೆಯಿಂದ ಬಂತೆಂದು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳುತ್ತೇವೆ. ನಾನೂ ತರಗತಿಯಲ್ಲಿ ಹಾಗೆ ಹೇಳಿದ್ದುಂಟು. ಅದು ಲ್ಯಾಟಿನ್ ಪದ, ಕೋಣೆ ಎಂದರ್ಥ. ಉರ್ದುವಿನ 'ಕಮರಾ' ಕೂಡ ಅದೇ ಮೂಲದ್ದು, ಪೋರ್ಚುಗೀಸರ ಮೂಲಕ ನಮ್ಮ ಮನೆಗೆ ಬಂದದ್ದು. ರಂಧ್ರದಿಂದ ಬಿಂಬ ಮೂಡುವುದನ್ನು ಹೈಥಮ್‌ಗಿಂತ ಮೊದಲೇ ಚೀನಾದವರೂ ಗ್ರೀಕರೂ ಗಮನಿಸಿದ್ದರು. ಅವರ ಹಿರಿಮೆ ಮೊದಲು ಕಂಡದ್ದರಲ್ಲಿಲ್ಲ, ಪ್ರಯೋಗ ಮಾಡಿ ಕಾರಣ ಹುಡುಕಿದ್ದರಲ್ಲಿದೆ. ಅಷ್ಟು ಸಾಲದೇ?

ಗೋಡೆಯ ಮೇಲಿನ ಬಿಂಬವನ್ನು ಹಿಡಿದಿಡಲು ಎಂಟು ಶತಮಾನಗಳೇ ಬೇಕಾದವು. 1826-27ರ ಸುಮಾರಿಗೆ ಫ್ರಾನ್ಸಿನ ನಿಯೆಪ್ಸ್ ಲೋಹದ ತಗಡಿಗೆ ಡಾಂಬರಿನ ಜಾತಿಯ ವಸ್ತು ಬಳಿದು, ತಮ್ಮ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಉಳಿಸಿದರು. 1839ರಲ್ಲಿ ದಾಗೇರ್ ಅವರ ವಿಧಾನ ಪ್ರಕಟವಾಯಿತು. ಇಂಗ್ಲೆಂಡಿನ ಟಾಲ್ಬಟ್ ಕಾಗದದ ನೆಗೆಟಿವ್ ರೂಪಿಸಿದರು. ಮದ್ರಾಸ್ ಸೈನ್ಯದ ಅಧಿಕಾರಿ ಗ್ರೀನ್‌ಲಾ ಅಂಥದೇ ಕಾಗದದ ನೆಗೆಟಿವ್‌ಗಳಲ್ಲಿ 1856ರಲ್ಲಿ ನಮ್ಮ ಹಂಪೆಯನ್ನು ಸೆರೆಹಿಡಿದರು.

ಯಂತ್ರ ಬಂತು, ಜಗಳವೂ ಬಂತು. ಬಿಸಿಲೂ ರಸಾಯನವೂ ಸೇರಿ ಬರೆದ ಚಿತ್ರದಲ್ಲಿ ಮನುಷ್ಯನ ಪಾಲೇನು? 1859ರಲ್ಲಿ ಫ್ರೆಂಚ್ ಕವಿ ಬೋದಿಲೇರ್, ಛಾಯಾಗ್ರಹಣ ಕಲೆಗಳ ಸೇವಕಿಯಾಗಿರಲಿ, ಕಲೆಯ ಪೀಠ ಏರದಿರಲಿ ಎಂಬರ್ಥದಲ್ಲಿ ಬರೆದರು. 1862ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಛಾಯಾಚಿತ್ರವೂ ಕಲಾಕೃತಿಯಾಗಬಲ್ಲದು ಎಂದಾಗ, ಏಂಗ್ರ್ ಮೊದಲಾದ ಹಿರಿಯ ಚಿತ್ರಕಾರರು ಪ್ರತಿಭಟಿಸಿ ಸಹಿ ಹಾಕಿದರು.

ನನ್ನ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಅಮೆರಿಕದ ಒಂದು ಮೊಕದ್ದಮೆಯಲ್ಲಿ. 1882ರಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ನೆಪೋಲಿಯನ್ ಸರೋನಿ, ಸಾಹಿತಿ ಆಸ್ಕರ್ ವೈಲ್ಡ್ ಅವರ ಭಾವಚಿತ್ರಗಳನ್ನು ತೆಗೆದರು. ಒಂದು ಮುದ್ರಣ ಸಂಸ್ಥೆ ಅದರಲ್ಲೊಂದರ 85,000 ಪ್ರತಿಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಿತು. ನ್ಯಾಯಾಲಯದಲ್ಲಿ ಅದರ ವಾದ ಏನು ಗೊತ್ತೇ? ಫೋಟೋ ಯಂತ್ರದ ಕೆಲಸ, ಅದಕ್ಕೆ ಕರ್ತೃವೇ ಇಲ್ಲ! ನಾವು ತೀರ್ಪುಗಾರರು ಆಡಿದ ಮಾತೂ ಹೆಚ್ಚು ಕಡಿಮೆ ಇದೇ. 1884ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಕುಳಿತ ಭಂಗಿ, ಉಡುಪು, ಹಿಂದಿನ ಪರದೆ, ಬೆಳಕು ನೆರಳಿನ ಹೊಂದಾಣಿಕೆ, ಮುಖದ ಮೇಲೆ ತರಿಸಿದ ಭಾವ ಇವೆಲ್ಲ ಸರೋನಿಯವರ ಮನಸ್ಸಿನಿಂದ ಬಂದವು, ಆದ್ದರಿಂದ ಅವರೇ ಕರ್ತೃ ಎಂದಿತು.

ಎಲ್ಲ ಚಿತ್ರಗಳಿಗೂ ಸ್ಟುಡಿಯೋ ಪರದೆ ಬೇಕಿಲ್ಲ ಎನ್ನುವುದಕ್ಕೆ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಸಾಕ್ಷಿ. ಅವರು ಬೀದಿಯ ಸಾಮಾನ್ಯ ಜನರನ್ನೂ ಮಕ್ಕಳನ್ನೂ ತಮ್ಮ ವಸ್ತುವಾಗಿಸಿಕೊಂಡರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಲ್ಲಿ ಭಂಗಿ ಹೇಳಿಕೊಡುವವರಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು, ಯಾವುದನ್ನು ಚೌಕಟ್ಟಿನಿಂದ ಹೊರಗಿಡಬೇಕು ಎಂಬ ಆಯ್ಕೆಯಷ್ಟೇ ಛಾಯಾಗ್ರಾಹಕನದು.

ಇಷ್ಟು ಓದಿದ ಮೇಲೆ ಆ ಹುಡುಗಿಯನ್ನು ಕರೆದು, ಮುಖವನ್ನೇಕೆ ತೆಗೆಯಲಿಲ್ಲ ಎಂದು ಕೇಳಿದೆ.

"ದಾದಿ ಮುಖ ಬೇಡ ಅಂದ್ರು ಸರ್. ಅದಕ್ಕೆ ಕೈ ಮಾತ್ರ ತೆಗೆದೆ."

"ಬಿಸಿಲು?"

"ಬಾಗಿಲಿನಿಂದ ಬಿಸಿಲು ಸ್ವಲ್ಪ ಹೊತ್ತು ಮಾತ್ರ ಮೊರದ ಮೇಲೆ ಬೀಳುತ್ತೆ ಸರ್, ಆಮೇಲೆ ಗೋಡೆಗೆ ಹೋಗುತ್ತೆ. ಮೂರು ದಿನ ತಪ್ಪಿಹೋಯ್ತು. ನಾಲ್ಕನೇ ದಿನ ಸಿಕ್ತು."

ನಾಲ್ಕು ದಿನ! ಬಣ್ಣದ ಚಿತ್ರಗಳಲ್ಲಿ ಅರ್ಧದಷ್ಟು ಕ್ಯಾಲೆಂಡರ್ ನೋಡಿ ಬರೆದವು. ಅವುಗಳಿಗೆ ನಾವು ಬಹುಮಾನ ಕೊಟ್ಟಿದ್ದೆವು.

ಮರುವರ್ಷ ಎಂಟನೆಯ ತರಗತಿಯ ಕಿಟಕಿಗಳಿಗೆ ರಟ್ಟು ಹಚ್ಚಿ, ಒಂದರಲ್ಲಿ ಮಾತ್ರ ಸಣ್ಣ ತೂತು ಬಿಟ್ಟೆವು. ಅಂಗಳದ ಬೇವಿನ ಮರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿತು. ಗಾಳಿಗೆ ಎಲೆಗಳು ಅಲುಗಾಡಿದಾಗ ಮಕ್ಕಳು ಕಿರುಚಿದ್ದು ಪಕ್ಕದ ತರಗತಿಗೂ ಕೇಳಿಸಿತಂತೆ. ಕಣ್ಣು ಪಳಗಿದ ಮೇಲೆ ಒಂದೇ ಮೊಬೈಲನ್ನು ಸರದಿಯಂತೆ ಕೊಟ್ಟು, ಒಬ್ಬೊಬ್ಬರೂ ಒಂದೇ ಚಿತ್ರ ತೆಗೆಯಬೇಕೆಂದೆ. ಹತ್ತು ತೆಗೆದು ಒಂದನ್ನು ಆರಿಸುವ ಹಾಗಿಲ್ಲ. ಮನುಷ್ಯರ ಚಿತ್ರವಾದರೆ ಮೊದಲು ಅವರ ಒಪ್ಪಿಗೆ ಪಡೆಯಬೇಕು.

ನಾನು ಸಿದ್ಧಪಡಿಸುವ ಪ್ರದರ್ಶನದ ನಮೂನೆಯಲ್ಲಿ ಈಗ ಚಿತ್ರಕಲೆಯ ಕೆಳಗೆ 'ಛಾಯಾಚಿತ್ರ' ಎಂಬ ಸಾಲೂ ಇದೆ. ಅದರ ಮುಂದೆ ವಿದ್ಯಾರ್ಥಿ ಎರಡು ವಾಕ್ಯ ಬರೆಯಬೇಕು: ಚಿತ್ರದಿಂದ ಏನನ್ನು ಹೊರಗಿಟ್ಟೆ, ಏಕೆ?