ಮಕರದ ಮೈಯೂ ವಿಜ್ಞಾನಿಯ ಮುಖವೂ

ನಮ್ಮ ಬಾಣಾವರದ ಕಡೆಯಿಂದ ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಬಂದರೆ, ಆನೆ, ಸಿಂಹ, ಕುದುರೆಗಳ ಸಾಲುಗಳನ್ನು ದಾಟಿ ಮಕರಗಳ ಸಾಲೊಂದನ್ನು ಕಾಣುತ್ತಾರೆ. ಸೊಂಡಿಲಿನಂಥ ಮೂತಿ, ಮೊಸಳೆಯ ಬಾಯಿ, ನವಿಲುಗರಿಯಂತೆ ಹರಡಿದ ಬಾಲ. ಶಿಲ್ಪಿಗೆ ಈ ಸ್ವಾತಂತ್ರ್ಯ ಒಪ್ಪುತ್ತದೆ. ಆದರೆ ಅಲ್ಲೊಂದು ಇಲ್ಲೊಂದು ಅವಯವವನ್ನು ತಂದು ಜೋಡಿಸಿ ಜೀವಿಯೊಂದನ್ನು ನಿಲ್ಲಿಸುವ ಈ ರೀತಿ ಪತ್ರಿಕೆಗಳ ವ್ಯಕ್ತಿಚಿತ್ರಗಳಿಗೂ ಹಿಡಿಸಿದೆ. ಜೀವವಿಕಾಸದ ವಿಚಾರವನ್ನು ಜನಸಾಮಾನ್ಯರಿಗೆ ತಿಳಿಸಹೊರಟ ವಿಜ್ಞಾನಿಗಳ ಪಾಲಿಗಂತೂ ಇದು ಮೊದಲಿನಿಂದ ಬಂದ ಭಾಗ್ಯ.

1871ರಲ್ಲಿ, ಮಾನವನ ಹುಟ್ಟನ್ನು ಕುರಿತ ಡಾರ್ವಿನ್ನನ ಗ್ರಂಥ ಹೊರಬಂದ ವರ್ಷದಲ್ಲೇ, ಲಂಡನ್ನಿನ ‘ಹಾರ್ನೆಟ್’ ಪತ್ರಿಕೆ ಆತನ ಗಡ್ಡದ ತಲೆಯನ್ನು ಒರಾಂಗುಟಾನಿನ ಮೈಮೇಲೆ ಕೂರಿಸಿ ಅಚ್ಚುಹಾಕಿತು. ಗ್ರಂಥವನ್ನು ಓದದವರೂ ಆ ಚಿತ್ರವನ್ನು ನೋಡಿದರು. ಆಕ್ಸ್‌ಫರ್ಡಿನಲ್ಲಿ 1860ರಲ್ಲಿ ಹಕ್ಸ್‌ಲಿಗೂ ಬಿಷಪ್ ವಿಲ್ಬರ್‌ಫೋರ್ಸ್‌ನಿಗೂ ನಡೆದ ವಾಗ್ವಾದದ ಕಥೆಯೂ ಇಂಥದೇ. ಆಗಿನ ವರದಿಗಳು ಸಂಕ್ಷಿಪ್ತ. ನಾವಿಂದು ರಸವತ್ತಾಗಿ ಹೇಳಿಕೊಳ್ಳುವ ಮಾತುಗಳಲ್ಲಿ ಬಹುಪಾಲು ದಶಕಗಳ ಅನಂತರದ ನೆನಪುಗಳಿಂದ ಬಂದವು. ಜಗಳ ಉಳಿಯಿತು, ವಾದದ ವಿಷಯ ಕರಗಿತು.

ನಮ್ಮ ದೇಶಕ್ಕೇ ಬಂದು ನೆಲಸಿದ ಹಾಲ್ಡೇನರನ್ನು ನೋಡಿ. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದ ಈ ಮಹಾ ತಳಿವಿಜ್ಞಾನಿ, ಅದಕ್ಕೆ ಮುಂಚೆ ‘ಡೈಲಿ ವರ್ಕರ್’ ಪತ್ರಿಕೆಯಲ್ಲಿ ಕೂಲಿಕಾರರಿಗಾಗಿ ವಿಜ್ಞಾನವನ್ನು ಬರೆದವರು. ಇಲ್ಲಿ ಸುದ್ದಿಯಾದದ್ದು ಅವರ ಕುರ್ತಾ, ಅವರ ಸಸ್ಯಾಹಾರ, ಅವರ ಮುಂಗೋಪ. 1964ರಲ್ಲಿ ಹಾಲ್ಡೇನರು ಬಿ.ಬಿ.ಸಿ.ಯವರಿಗಾಗಿ ತಮ್ಮ ಮರಣವಾರ್ತೆಯನ್ನು ತಾವೇ ನುಡಿದು ಮುದ್ರಿಸಿಕೊಟ್ಟರು. ಅವರು ಆರಂಭಿಸಿದ್ದು ಬಟ್ಟೆಯಿಂದಲ್ಲ, ಜಗಳದಿಂದಲೂ ಅಲ್ಲ. ಮನುಷ್ಯನ ವಂಶವಾಹಿಯೊಂದು ಎಷ್ಟು ಕಾಲಕ್ಕೊಮ್ಮೆ ಮಾರ್ಪಾಟಾಗುತ್ತದೆಂಬುದನ್ನು 1932ರಲ್ಲಿ ತಾವು ಮೊದಲಿಗೆ ಅಂದಾಜು ಮಾಡಿದೆವೆಂಬ ಹೆಮ್ಮೆಯಿಂದ! ತನ್ನ ಚಿತ್ರವನ್ನು ತಾನೇ ಬರೆಯುವಾಗ ವಿಜ್ಞಾನಿ ಎಲ್ಲಿಂದ ತೊಡಗುತ್ತಾನೆಂಬುದನ್ನು ಪತ್ರಕರ್ತರು ಗಮನಿಸಬೇಕಿತ್ತು.

ಇನ್ನು ಕನ್ನಡದ ಮಾತು. ಬಿ.ಜಿ.ಎಲ್. ಸ್ವಾಮಿಯವರೆಂದೊಡನೆ ನಮ್ಮವರ ಬಾಯಿಗೆ ಮೊದಲು ಬರುವುದು ಡಿ.ವಿ.ಜಿ.ಯವರ ಮಗ ಎಂಬ ಮಾತು. ಎರಡನೆಯದು ನಗೆಗಾರ. ಮೂರನೆಯದು, ತಂದೆಗೂ ಮಗನಿಗೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದ ಅಪೂರ್ವ ಸಂಗತಿ: 1967ರಲ್ಲಿ ತಂದೆಗೆ, 1978ರಲ್ಲಿ ‘ಹಸುರು ಹೊನ್ನು’ ಗ್ರಂಥಕ್ಕಾಗಿ ಮಗನಿಗೆ. ಪರಿಚಯಲೇಖನಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿದು, ‘ಅವರು ಸಸ್ಯವಿಜ್ಞಾನದ ಪ್ರಾಧ್ಯಾಪಕರೂ ಆಗಿದ್ದರು’ ಎಂಬ ವಾಕ್ಯವೊಂದನ್ನು ಕೊನೆಗೆ ಸೇರಿಸಿಕೊಂಡಿರುತ್ತವೆ. ಆ ‘ಊ’ಕಾರ ನನ್ನನ್ನು ಬಹುಕಾಲದಿಂದ ಚುಚ್ಚುತ್ತ ಬಂದಿದೆ. ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ತಾನು ಕಂಡವರ ಚಿತ್ರಗಳನ್ನು ಅಷ್ಟು ಜತನದಿಂದ ಬರೆದ ಪತ್ರಕರ್ತನ ಮಗನಿಗೇ ಈ ಅರೆಚಿತ್ರ ದೊರೆಯಬೇಕೆ!

ಸ್ವಾಮಿಯವರು ಮಾಡಿದ ಕೆಲಸವಾದರೂ ಏನು? ಹೂಬಿಡುವ ಗಿಡಗಳ ಕಟ್ಟಿಗೆಯಲ್ಲಿ ಸಾಮಾನ್ಯವಾಗಿ ನೀರೇರುವ ನಾಳಗಳಿರುತ್ತವೆ. ಕೋಶಗಳು ತುದಿಗೆ ತುದಿ ಕೂಡಿ, ನಡುವಣ ಗೋಡೆ ತೆರೆದು, ಕೊಳವೆಯಾಗಿರುತ್ತವೆ. ಪೈನ್ ಮುಂತಾದ ಹಳೆಯ ಕುಲದ ಮರಗಳಲ್ಲಿ ಇಂಥ ಕೊಳವೆಯಿಲ್ಲ. ಅಲ್ಲಿ ನೀರು ಮುಚ್ಚಿದ ಕೋಶದಿಂದ ಕೋಶಕ್ಕೆ, ಗೋಡೆಯ ತೆಳುವಾದ ಕುಳಿಗಳ ಮೂಲಕ ಜಿನುಗಿಯೇ ಸಾಗಬೇಕು. ಹಾಗಾದರೆ ನಾಳವಿಲ್ಲದ ಹೂಗಿಡವೊಂದು ಸಿಕ್ಕರೆ? ಅದು ಈ ವರ್ಗದ ಪ್ರಾಚೀನ ಸ್ಥಿತಿಯನ್ನು ಉಳಿಸಿಕೊಂಡು ಬಂದಿರಬಹುದೆಂದು ಹಾರ್ವರ್ಡಿನ ಅರ್ವಿಂಗ್ ಬೈಲಿ ಮೊದಲಾದವರು ವಾದಿಸುತ್ತಿದ್ದರು. ಅವರೊಡನೆ ದುಡಿದ ಸ್ವಾಮಿಯವರು 1950ರಲ್ಲಿ, ಸಾರ್ಕಾಂಡ್ರ ಎಂಬ ಕುಲದ ಗಿಡಗಳ ಕಟ್ಟಿಗೆಯಲ್ಲಿ ನಾಳಗಳಿಲ್ಲವೆಂದು ಬೈಲಿಯವರ ಜೊತೆಗೂಡಿ ಪ್ರಕಟಿಸಿದರು. ಮುಂದೆ ದಕ್ಷಿಣ ಭಾರತದ ಒಂದು ಸಾರ್ಕಾಂಡ್ರಕ್ಕೆ ಗುರುವಿನ ಹೆಸರನ್ನೇ ಇಟ್ಟರು. ಹೂಗಿಡಗಳ ವಂಶದ ಬೇರನ್ನು ಹುಡುಕುವ ವಿಕಾಸವಿಜ್ಞಾನವೇ ಇದು. ಡಾರ್ವಿನ್ನನನ್ನು ಕೊನೆಯವರೆಗೂ ಕಾಡಿದ ಪ್ರಶ್ನೆಯ ಒಂದು ಎಳೆಯನ್ನು ನಮ್ಮ ಕನ್ನಡಿಗರೊಬ್ಬರು ಸೂಕ್ಷ್ಮದರ್ಶಕದ ಕೆಳಗೆ ಹಿಡಿದಿದ್ದರು.

ಈ ಕಥೆಗೆ ಇನ್ನೊಂದು ತಿರುವುಂಟು. 1987ರಲ್ಲಿ, ಸ್ವಾಮಿಯವರು ತೀರಿಕೊಂಡ ಏಳು ವರ್ಷಗಳ ಮೇಲೆ, ಅಮೆರಿಕದ ಶರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿದ್ವಾಂಸರು ಸಾರ್ಕಾಂಡ್ರದ ಕಟ್ಟಿಗೆಯಲ್ಲಿ ನಾಳಗಳನ್ನು ಕಂಡೆನೆಂದು ಬರೆದರು. ಇದರಿಂದ ಸ್ವಾಮಿಯವರ ಗೌರವಕ್ಕೆ ಕುಂದೆಂದು ನಾನು ತಿಳಿಯುವುದಿಲ್ಲ. ನಾಳದ ಹುಟ್ಟನ್ನು ಕುರಿತ ಚರ್ಚೆ ಮತ್ತೊಂದು ಹೆಜ್ಜೆ ಇಟ್ಟಿತು, ಅಷ್ಟೆ. ಆದರೆ ಪತ್ರಿಕೆಗಳಿಗೆ ಇಂಥ ಹೆಜ್ಜೆ ಬೇಡ. ಅವಕ್ಕೆ ಬೇಕಾದುದು ‘ಕಂಡುಹಿಡಿದರು’ ಅಥವಾ ‘ತಪ್ಪೆಂದು ತೋರಿತು’. ಶಾಸ್ತ್ರವಾದರೋ ಬಹುಮಟ್ಟಿಗೆ ಈ ಎರಡರ ನಡುವೆ ಬದುಕುತ್ತದೆ.

ದೋಷವೆಲ್ಲ ಪತ್ರಕರ್ತರದೇ ಎನ್ನುವಂತಿಲ್ಲ. ‘ಕಾಲೇಜು ರಂಗ’ವನ್ನೂ ‘ಪ್ರಾಧ್ಯಾಪಕನ ಪೀಠದಲ್ಲಿ’ಯನ್ನೂ ಬರೆದು ತಮ್ಮ ನಗೆಯನ್ನು ಮುಂದೆಮಾಡಿಕೊಂಡವರು ಸ್ವತಃ ಸ್ವಾಮಿಯವರೇ. ನಮ್ಮ ಸಾಹಿತ್ಯದ ತರಗತಿಗಳು ಅವರನ್ನು ಲಲಿತಪ್ರಬಂಧದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದವು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಓದಿ ನಕ್ಕವರು, ಮೆಣಸಿನಕಾಯಿಯೂ ಆಲೂಗೆಡ್ಡೆಯೂ ಖಂಡಾಂತರ ಹಾಯ್ದು ಬಂದ ವಂಶಗಳೆಂಬುದನ್ನು ಅಲ್ಲಿಯೇ ಕಲಿಯಬಹುದಿತ್ತು; ಹಾಸ್ಯಕ್ಕೂ ಶಾಸ್ತ್ರಕ್ಕೂ ನಡುವೆ ಅಲ್ಲಿ ಗೋಡೆಯಿಲ್ಲ.

ಸ್ವಾಮಿಯವರು ಗತಿಸಿದ 1980ರಲ್ಲೇ ತೇಜಸ್ವಿಯವರ ‘ಕರ್ವಾಲೊ’ ಹೊರಬಂದದ್ದು ಕಾಕತಾಳೀಯ. ವಿಕಾಸವನ್ನು ಅರಸುವ ವಿಜ್ಞಾನಿಯ ಒಳ್ಳೆಯ ವ್ಯಕ್ತಿಚಿತ್ರ ಯಾವುದೆಂದು ಕೇಳಿದರೆ ನಾನು ಯಾವ ಪತ್ರಿಕೆಯನ್ನೂ ತೋರಿಸದೆ ಈ ಕಾದಂಬರಿಯನ್ನೇ ತೋರಿಸುತ್ತೇನೆ. ಅಷ್ಟು ದೊಡ್ಡ ವಿಜ್ಞಾನಿಗೆ ಜೇನು ಹಿಡಿಯುವ ಮಂದಣ್ಣನ ಸಹವಾಸವೇಕೆಂದು ನಿರೂಪಕನಿಗೆ ಮೊದಲು ಬಗೆಹರಿಯುವುದಿಲ್ಲ. ಹಾರುವ ಓತಿಯನ್ನು ಕಂಡ ಕಣ್ಣು ಮಂದಣ್ಣನದೆಂದು ತಿಳಿದ ಮೇಲೆ, ಕರ್ವಾಲೊ ಅವರ ತಂದೆ ಯಾರು, ಅವರು ಏನು ಉಡುತ್ತಾರೆ ಎಂದು ಕೇಳಬೇಕೆಂದು ಓದುಗನಿಗೆ ತೋಚುವುದೇ ಇಲ್ಲ. ಎಲ್ಲರೊಡನೆ ತಾನೂ ಕಾಡಿನಲ್ಲಿ ತಲೆಯೆತ್ತಿ ಮರಗಳ ಕಾಂಡಗಳನ್ನು ನೋಡತೊಡಗುತ್ತಾನೆ.