ಶೇಕ್ಸ್‌ಪಿಯರ್, ವಿಲಿಯಂ (1564–1616)

ಇಂಗ್ಲಿಷ್ ನಾಟಕಕಾರ, ಕವಿ, ನಟ. ಸ್ಟ್ರಾಟ್‌ಫರ್ಡ್‌ನಲ್ಲಿ ಕೈಗವಸು ಮಾಡುವವನ ಮಗನಾಗಿ ಹುಟ್ಟಿದ. ಲಂಡನ್ನಿನಲ್ಲಿ ಬರೆದದ್ದಷ್ಟೇ ಅಲ್ಲ, ಬಣ್ಣ ಹಚ್ಚಿದ, ನಾಟಕ ಮಂಡಳಿಯ ಪಾಲುದಾರನೂ ಆದ. 1599ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಮಂಡಳಿ ಕಟ್ಟಿದ ಗ್ಲೋಬ್ ರಂಗಮಂದಿರದ ಅಂಗಳಕ್ಕೆ ಸೂರಿರಲಿಲ್ಲ; ಒಂದು ಪೆನ್ನಿ ಕೊಟ್ಟವರು ಅಲ್ಲೇ ನಿಂತು ನೋಡಬೇಕು. ಹೆಣ್ಣು ಪಾತ್ರಗಳಿಗೆ ಹುಡುಗರು. ಆಟ ಹಗಲು ಬೆಳಕಿನಲ್ಲಿ, ಚಿತ್ರಿಸಿದ ಪರದೆಗಳಿಲ್ಲ. ನಡುರಾತ್ರಿಯಾಯಿತೆಂದು ಮಾತೇ ನಂಬಿಸಬೇಕು. ಆ ನಾಟಕಗಳ ಮಾತಿನ ಸಿರಿಗೆ ರಂಗದ ಈ ಬಡತನವೂ ಒಂದು ಕಾರಣವೆನ್ನಬಹುದು. ಪ್ಲೇಗ್ ಹೆಚ್ಚಿದಾಗ ರಂಗಮಂದಿರಗಳ ಬಾಗಿಲು ಮುಚ್ಚುತ್ತಿತ್ತು. 1613ರಲ್ಲಿ ಆಟದ ನಡುವೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಾಗಿ ಗ್ಲೋಬ್ ಸುಟ್ಟುಹೋಯಿತು. ಮರುವರ್ಷ ಮತ್ತೆ ಎದ್ದಿತು. 1623ರಲ್ಲಿ ಸಹನಟರಿಬ್ಬರು ಹೊರತಂದ ಸಂಪುಟದಲ್ಲಿ 36 ನಾಟಕಗಳಿವೆ. ಅವುಗಳಲ್ಲಿ ಸುಮಾರು ಅರ್ಧ ಅದಕ್ಕೆ ಮೊದಲು ಅಚ್ಚು ಕಂಡಿರಲಿಲ್ಲ.