ಗಡಿನಾಡಿನ ಎರಡು ಮನೆಗಳು

ಗಡಿನಾಡು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಎರಡು ರಾಜ್ಯಗಳೋ ಎರಡು ಭಾಷೆಗಳೋ ಸಂಧಿಸುವ ಸೀಮೆಗೆ ಬಳಸುತ್ತೇವೆ. ಅಮೆರಿಕದ ಜನರಿಗೆ ಈ ಮಾತಿನ ಅರ್ಥವೇ ಬೇರೆ. ಅವರ ಪಾಲಿಗೆ ಗಡಿಯೆಂದರೆ ಊರು ಮುಗಿದು ಕಾಡೋ ಹುಲ್ಲುಗಾವಲೋ ಮೊದಲಾಗುವ ಜಾಗ. ಹೊಸ ಒಕ್ಕಲುಗಳು ಬಂಡಿ ಹೂಡಿಕೊಂಡು ಹೋಗಿ ನೆಲೆ ನಿಂತಂತೆಲ್ಲ ವರ್ಷ ವರ್ಷವೂ ಪಡುವಣಕ್ಕೆ ಸರಿಯುತ್ತ ಹೋದ ಅಂಚು. ಕೋಲಾರ ಜಿಲ್ಲೆಯ ಮೂಡಣ ಭಾಗ ಈ ಎರಡು ಅರ್ಥಗಳಲ್ಲಿಯೂ ಗಡಿನಾಡೇ. ಕನ್ನಡ, ತೆಲುಗು, ತಮಿಳು ಮೂರೂ ಅಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಅಷ್ಟೇ ಅಲ್ಲ, ಚಿನ್ನದ ಹೆಸರು ಹೇಳಿಕೊಂಡು ದೂರದೂರದ ಜನ ಬಂದು ಕಟ್ಟಿದ ಹೊಸ ಊರೊಂದು ಅಲ್ಲಿದೆ. ಅಮೆರಿಕದ ಗಡಿನಾಡಿನ ಬದುಕನ್ನು ಹೇಳುವ ಪ್ರಸಿದ್ಧ ದೂರದರ್ಶನ ಧಾರಾವಾಹಿಯೊಂದನ್ನು ಈಚೆಗೆ ಮತ್ತೆ ನೋಡಿದಾಗ ನಮ್ಮ ಈ ಗಡಿನಾಡಿನ ಬಗ್ಗೆ ನನ್ನಲ್ಲಿ ಎದ್ದ ಕೆಲವು ವಿಚಾರಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಆ ಧಾರಾವಾಹಿಯ ಹೆಸರು 'ಲಿಟಲ್ ಹೌಸ್ ಆನ್ ದ ಪ್ರೇರಿ', ಎಂದರೆ ಹುಲ್ಲುಗಾವಲಿನ ಪುಟ್ಟ ಮನೆ. ೧೮೬೭ರಲ್ಲಿ ಹುಟ್ಟಿ ೧೯೫೭ರಲ್ಲಿ ತೀರಿಕೊಂಡ ಲಾರಾ ಇಂಗಲ್ಸ್ ವೈಲ್ಡರ್ ಎಂಬ ಲೇಖಕಿ ತನ್ನ ಬಾಲ್ಯವನ್ನು ಆಧರಿಸಿ ೧೯೩೨ರಿಂದ ಬರೆದ ಪುಸ್ತಕಮಾಲೆ ಅದರ ಮೂಲ. ಈ ಮಾಲೆಯ ಪುಸ್ತಕಗಳು ಕನ್ನಡಕ್ಕೂ ಬಂದಿವೆ. ೧೯೭೪ರಿಂದ ೧೯೮೩ರವರೆಗೆ ಒಂಬತ್ತು ಹಂಗಾಮು ನಡೆದ ಧಾರಾವಾಹಿಯಲ್ಲಿ ತಂದೆ ಚಾರ್ಲ್ಸ್‌ನ ಪಾತ್ರವನ್ನು ಮೈಕೆಲ್ ಲ್ಯಾಂಡನ್, ಎರಡನೆಯ ಮಗಳು ಲಾರಾಳ ಪಾತ್ರವನ್ನು ಮೆಲಿಸ್ಸಾ ಗಿಲ್ಬರ್ಟ್ ವಹಿಸಿದ್ದರು. ನನ್ನ ಮಕ್ಕಳು ಚಿಕ್ಕವರಾಗಿದ್ದಾಗ ವಿದೇಶದಲ್ಲಿದ್ದ ಬಂಧುವೊಬ್ಬರು ಕಳುಹಿಸಿದ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಕೆಲವು ಕಂತುಗಳನ್ನು ನಾವು ನೋಡಿದ್ದೆವು. ಅಂದು ಅವು ನೀತಿಕಥೆಗಳಂತೆ ತೋರಿದ್ದವು. ಬಂಗಾರಪೇಟೆಯಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನಗೆ ಇಂದು ಅವೇ ಕಂತುಗಳು ಚರಿತ್ರೆಯ ಪ್ರಶ್ನೆಗಳಂತೆ ತೋರುತ್ತಿವೆ.

ಮೊದಲ ಹಂಗಾಮಿನಲ್ಲಿ 'ನೂರು ಮೈಲಿಯ ನಡಿಗೆ' ಎಂಬ ಅರ್ಥದ ಹೆಸರಿನ ಕಂತೊಂದಿದೆ. ಕೊಯ್ಲಿಗೆ ಬಂದ ಗೋಧಿಯ ಬೆಳೆ ಆಲಿಕಲ್ಲಿನ ಮಳೆಗೆ ನೆಲ ಕಚ್ಚುತ್ತದೆ. ಸಾಲ ತೀರಿಸಲು ಬೇರೆ ದಾರಿ ಕಾಣದೆ ಚಾರ್ಲ್ಸ್ ಕೆಲಸ ಹುಡುಕಿಕೊಂಡು ಕಾಲ್ನಡಿಗೆಯಲ್ಲಿ ಹೊರಟು, ಕೊನೆಗೆ ಬಂಡೆ ಕೊರೆದು ಮದ್ದು ಸಿಡಿಸುವ ಕಲ್ಲುಗಣಿಯೊಂದರಲ್ಲಿ ಕೂಲಿಗೆ ನಿಲ್ಲುತ್ತಾನೆ. ಜೊತೆಯ ಗೆಳೆಯನೊಬ್ಬ ಸಿಡಿತದಲ್ಲಿ ಸಾಯುತ್ತಾನೆ. ಇತ್ತ ಊರಿನಲ್ಲಿ ಹೆಂಗಸರೆಲ್ಲ ಕೂಡಿ, ಬಿದ್ದ ಪೈರಿನಿಂದ ಸಿಕ್ಕಷ್ಟು ಕಾಳನ್ನು ಆಯ್ದು ಉಳಿಸಿಕೊಳ್ಳುತ್ತಾರೆ. ಇದನ್ನು ನೋಡುವಾಗ ಕೋಲಾರದ ಸೀಮೆಯವರಿಗೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ ನೆನಪಿಗೆ ಬಾರದಿರದು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ವೇಳೆಗೆ ನಲವತ್ತೆರಡು ಲಕ್ಷಕ್ಕಿಂತಲೂ ಕೆಳಗಿಳಿಯಿತು. ಆ ಬರದ ಬೆನ್ನಲ್ಲಿಯೇ ೧೮೮೦ರ ದಶಕದಲ್ಲಿ ಗಣಿಗಳು ತೆರೆದವು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಭೂಮಿಯಿಲ್ಲದ, ಬಹುಪಾಲು ದಲಿತರಾದ ಕುಟುಂಬಗಳು ಮೇಸ್ತ್ರಿಗಳ ಹಿಂದೆ ಇಲ್ಲಿಗೆ ಬಂದವು. ಚಾರ್ಲ್ಸ್ ನೂರು ಮೈಲಿ ನಡೆದು ಕೂಲಿ ಗಳಿಸಿ ತನ್ನ ಹೊಲಕ್ಕೆ ಹಿಂದಿರುಗಿದ. ಇವರಿಗೆ ಹಿಂದಿರುಗಲು ಹೊಲವಿರಲಿಲ್ಲ.

ಮೂರನೆಯ ಹಂಗಾಮಿನ ಕೊನೆಯಲ್ಲಿ, ೧೯೭೭ರಲ್ಲಿ ಪ್ರಸಾರವಾದ ದೀರ್ಘ ಕಂತಿನ ಹೆಸರು 'ಗೋಲ್ಡ್ ಕಂಟ್ರಿ', ಚಿನ್ನದ ನಾಡು. ಅತಿವೃಷ್ಟಿಯಿಂದ ಬಿತ್ತನೆ ಕೆಟ್ಟಾಗ ಇಂಗಲ್ಸ್ ಕುಟುಂಬ ನೆರೆಯವರೊಡನೆ ಡಕೋಟಾದ ಚಿನ್ನದ ಬೆಟ್ಟಗಳಿಗೆ ಹೊರಡುತ್ತದೆ. ಅಲ್ಲಿ ಚಿನ್ನಕ್ಕಿಂತ ಹೆಚ್ಚಾಗಿ ಲೋಭವನ್ನೂ ಮನುಷ್ಯ ಮನುಷ್ಯನನ್ನು ನಂಬದ ಸ್ಥಿತಿಯನ್ನೂ ಕಂಡು, ನೇಗಿಲೇ ಲೇಸೆಂದು ಊರಿಗೆ ಮರಳುತ್ತದೆ. ಕಥೆಯಾಗಿ ಇದು ಸೊಗಸೇ ಸರಿ. ಚರಿತ್ರೆಯಲ್ಲಿ ಆದದ್ದು ಬೇರೆ. ಹೊಳೆಯ ಮರಳನ್ನು ಬಾಣಲೆಯಲ್ಲಿ ತೊಳೆದು ಚಿನ್ನ ಹುಡುಕುವ ಒಂಟಿ ಸಾಹಸಿಯ ಕಾಲ ಬಹುಬೇಗ ಮುಗಿಯಿತು. ಅದೇ ಬೆಟ್ಟಗಳಲ್ಲಿ ೧೮೭೬ರಲ್ಲಿ ಪತ್ತೆಯಾದ ಹೋಮ್‌ಸ್ಟೇಕ್ ಗಣಿ ಮರುವರ್ಷವೇ ಬಂಡವಾಳಗಾರರ ಕೈ ಸೇರಿತು. ಆಮೇಲೆ ಅಲ್ಲಿ ಉಳಿದದ್ದು ಕಂಪನಿ ಮತ್ತು ಕೂಲಿ. ಭೂಮಿಯೊಳಕ್ಕೆ ಎರಡು ಸಾವಿರದ ನಾನೂರು ಮೀಟರಿನಷ್ಟು ಇಳಿದ ಆ ಗಣಿ ೨೦೦೨ರಲ್ಲಿ ಮುಚ್ಚಿತು. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಸಾವಿರದ ಇನ್ನೂರು ಮೀಟರಿನವರೆಗೆ ಇಳಿದಿತ್ತು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಎರಡೂ ಕಡೆ ವಿಜ್ಞಾನಿಗಳು ಆ ಆಳದ ಕತ್ತಲೆಯಲ್ಲಿ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣವನ್ನು ಹುಡುಕಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ೧೯೬೫ರಲ್ಲಿ ಕೋಲಾರದಲ್ಲಿ ದೊರೆಯಿತು. ಭೂಮಂಡಲದ ಎರಡು ಮಗ್ಗುಲುಗಳಲ್ಲಿರುವ ಈ ಗಣಿಗಳನ್ನು ಒಂದೇ ಕಾಲದಲ್ಲಿ ಹುಟ್ಟಿ ಒಂದೇ ಕಾಲದಲ್ಲಿ ಕಣ್ಮುಚ್ಚಿದ ಅವಳಿಗಳೆನ್ನಬಹುದು.

ಇನ್ನು ಗಡಿನಾಡಿನ ಕಥೆಗಳು ಹೇಳದೆ ಬಿಡುವ ಸಂಗತಿಗೆ ಬರೋಣ. ಡಕೋಟಾದ ಆ ಬೆಟ್ಟಗಳನ್ನು ೧೮೬೮ರ ಒಪ್ಪಂದದ ಪ್ರಕಾರ ಲಕೋಟಾ ಜನರಿಗೆ ಬಿಟ್ಟುಕೊಡಲಾಗಿತ್ತು. ೧೮೭೪ರಲ್ಲಿ ಚಿನ್ನದ ಸುದ್ದಿ ಹಬ್ಬಿತು. ೧೮೭೭ರಲ್ಲಿ ಸರ್ಕಾರ ಬೆಟ್ಟಗಳನ್ನು ಕಿತ್ತುಕೊಂಡಿತು. ಕಾನ್ಸಾಸ್ ಪ್ರಾಂತದಲ್ಲಿ ನಿಜವಾದ ಇಂಗಲ್ಸ್ ಕುಟುಂಬ ೧೮೬೯ರಲ್ಲಿ ಮನೆ ಕಟ್ಟಿದ ನೆಲ ಓಸೇಜ್ ಜನರದು. ಧಾರಾವಾಹಿಯಲ್ಲಿ ಸಾಮಾನು ತರಲು, ಧಾನ್ಯ ಮಾರಲು ಎಲ್ಲರೂ ಮ್ಯಾನ್ಕೇಟೊ ಎಂಬ ಪಟ್ಟಣಕ್ಕೆ ಹೋಗಿಬರುತ್ತಾರೆ. ಅದೇ ಪಟ್ಟಣದಲ್ಲಿ ೧೮೬೨ರ ಡಿಸೆಂಬರಿನಲ್ಲಿ ೩೮ ಮಂದಿ ಡಕೋಟಾ ಜನರನ್ನು ಒಂದೇ ದಿನ ಗಲ್ಲಿಗೇರಿಸಲಾಯಿತು. ಮರುವರ್ಷ ಉಳಿದವರನ್ನು ಆ ಸೀಮೆಯಿಂದಲೇ ಹೊರಹಾಕಲಾಯಿತು. ವೈಲ್ಡರ್ ಅವರ ಮೂಲ ಪುಸ್ತಕದಲ್ಲಿ ಆ ಬಯಲಿನಲ್ಲಿ ಮನುಷ್ಯರೇ ಇರಲಿಲ್ಲವೆಂಬ ಅರ್ಥದ ಮಾತಿತ್ತು. ಓದುಗರೊಬ್ಬರು ಆಕ್ಷೇಪಿಸಿದ ಮೇಲೆ ೧೯೫೩ರ ಮುದ್ರಣದಲ್ಲಿ 'ಮನುಷ್ಯರು' ಎಂಬುದನ್ನು ತೆಗೆದು 'ವಲಸೆ ಬಂದ ಒಕ್ಕಲುಗಳು' ಎಂಬ ಅರ್ಥದ ಪದವನ್ನು ಹಾಕಲಾಯಿತು. ಒಂದು ಪದವನ್ನು ತಿದ್ದುವುದಕ್ಕೆ ಹದಿನೆಂಟು ವರ್ಷ ಹಿಡಿಯಿತು.

ನಮ್ಮ ಪದಗಳನ್ನು ನಾವು ತಿದ್ದಿಕೊಂಡಿದ್ದೇವೆಯೆ? ಕೋಲಾರದ ಚಿನ್ನವನ್ನು 'ಕಂಡುಹಿಡಿದವರು' ಯಾರೆಂದು ಕೇಳಿದರೆ ಪುಸ್ತಕಗಳು ಇಬ್ಬರು ಸೈನಿಕರನ್ನು ಹೆಸರಿಸುತ್ತವೆ. ಟಿಪ್ಪುವಿನ ಪತನಾನಂತರ ಮೈಸೂರಿನ ಮೂಡಣ ಗಡಿಯನ್ನು ಅಳೆಯಲು ೧೮೦೨ರಲ್ಲಿ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಒಬ್ಬ. ಅವನ ವರದಿಯನ್ನು ಓದಿ, ೧೮೭೫ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ ಲ್ಯಾವೆಲ್ ಇನ್ನೊಬ್ಬ. ವಾರನ್ ಬರೆದದ್ದನ್ನು ಗಮನವಿಟ್ಟು ನೋಡಿದರೆ ತಿಳಿಯುವುದೇನು? ಚಿನ್ನ ತೋರಿಸಿದವರಿಗೆ ಬಹುಮಾನವೆಂದು ಅವನು ಸಾರಿದಾಗ ಉರಿಗಾಂ ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂನಲ್ಲಿ ಗಂಡಸರು ಗುಂಡಿಗಳಿಗೆ ಇಳಿದು ಕಲ್ಲನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ೧೮೮೩ರಲ್ಲಿ ಮೈಸೂರು ಗಣಿಯ ಕ್ಯಾಪ್ಟನ್ ಪ್ಲಮ್ಮರ್ ಚಾಂಪಿಯನ್ ಸಿರೆಯನ್ನು ಮುಟ್ಟಿದ್ದೂ ಇಂಥ ಹಳೆಯ ಗುಂಡಿಗಳ ತಳದಲ್ಲಿಯೇ. ಹೀಗಿರುವಾಗ ಕಂಡುಹಿಡಿದವರು ಯಾರು? ಆ ಹೆಂಗಸರ ಹೆಸರುಗಳು ಯಾವ ದಾಖಲೆಯಲ್ಲಿಯೂ ಉಳಿಯಲಿಲ್ಲ.

ಬಂಗಾರಪೇಟೆಯೂ ಒಂದರ್ಥದಲ್ಲಿ ಅಮೆರಿಕದ ಗಡಿಯೂರುಗಳಂತೆ ರೈಲಿನಿಂದ ಹುಟ್ಟಿದ ಊರು. ಜೋಲಾರಪೇಟೆಯಿಂದ ಬೆಂಗಳೂರಿಗೆ ೧೮೬೪ರಲ್ಲಿ ರೈಲು ಬಂದಿತು. ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿದ್ದ ಊರು, ಗಣಿಗೆ ಕವಲುದಾರಿ ಹೊರಟ ನಿಲ್ದಾಣವಾಗಿ, ಜನರ ಬಾಯಲ್ಲಿ ಬಂಗಾರಪೇಟೆಯಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ೯೨ ಮೈಲಿ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಅಂದಿನ ಪ್ರಪಂಚದ ಬಹು ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಮೂರು ವರ್ಷಗಳ ನಂತರ, ೧೯೦೫ರಲ್ಲಿ. ಈ ಹೆಮ್ಮೆಯ ಮಾತುಗಳನ್ನು ನಾವು ಮತ್ತೆ ಮತ್ತೆ ಹೇಳಿಕೊಂಡಿದ್ದೇವೆ. ಆ ವಿದ್ಯುತ್ತು ತಿರುಗಿಸಿದ ಯಂತ್ರಗಳ ಬುಡದಲ್ಲಿ ಬಂಡೆ ಕೊರೆದವನ ಮನೆ ಹೇಗಿತ್ತು ಎಂದು ಕೇಳಿದ್ದು ಕಡಿಮೆ.

ಆ ಮನೆಯನ್ನು ಅಲ್ಲಿಯ ಜನ 'ಲೈನ್' ಎನ್ನುತ್ತಾರೆ. ಸಾಲು ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಒಂದೆರಡು ಕೋಣೆಗಳ ಮನೆಗಳು. ಮೊದಮೊದಲು ಅವು ಬಿದಿರು ತಟ್ಟಿಯ ಗುಡಿಸಲುಗಳು. ಈ ಸೀಮೆಯ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ 'ನನ್ನ ಮನೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿಸಿದ್ದುಂಟು. ಲೈನಿನ ಹುಡುಗಿಯೊಬ್ಬಳು ತಪ್ಪು ತಪ್ಪು ಕನ್ನಡದಲ್ಲಿ ಬರೆದದ್ದು ಇಂದಿಗೂ ನನಗೆ ನೆನಪಿದೆ. ಭೂಮಿಯೊಳಗೆ ಬಂಡೆ ಸಿಡಿದರೆ ಮೊದಲು ತಿಳಿಯುವುದು ತಮ್ಮ ಮನೆಯ ಪಾತ್ರೆಗಳಿಗೆ. ಅವು ಗಿಲಿಗಿಲಿಗುಟ್ಟಿದ ಕೂಡಲೇ ತಾಯಿ ಒಲೆಯ ಮೇಲಿದ್ದುದನ್ನು ಹಾಗೆಯೇ ಬಿಟ್ಟು ಬಾಗಿಲಿಗೆ ಬರುತ್ತಾಳೆ. ಲೈನಿನ ಎಲ್ಲ ಬಾಗಿಲುಗಳಲ್ಲಿಯೂ ಹೆಂಗಸರು ನಿಂತಿರುತ್ತಾರೆ, ಯಾರೂ ಮಾತನಾಡುವುದಿಲ್ಲ. ಪಾಳಿ ಮುಗಿಸಿದ ಗಂಡಸರು ಕೇಜಿನಿಂದ ಹೊರಬಂದ ಸುದ್ದಿ ತಿಳಿದ ಮೇಲೆ ಒಳಗೆ ಹೋಗುತ್ತಾರೆ. ಗಡಿನಾಡಿನ ಬದುಕಿನ ಬಗ್ಗೆ ನಾನು ಓದಿದ ಅತ್ಯಂತ ನಿಜವಾದ ಬರಹಗಳಲ್ಲಿ ಅದೊಂದು.

ಸಾವು ಬಂಡೆಯ ರೂಪದಲ್ಲಿಯೇ ಬರಬೇಕೆಂದಿರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ರೋಗದ ತಪಾಸಣೆ ೧೯೪೦ರ ದಶಕದಲ್ಲಿ ನಡೆದಾಗ, ಪರೀಕ್ಷಿಸಿದ ಸಾವಿರಾರು ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಅದು ತಗುಲಿತ್ತು. ಇಷ್ಟಾದರೂ ಆ ಜನ ಬರಿಯ ಬಲಿಪಶುಗಳಾಗಿ ಉಳಿಯಲಿಲ್ಲ. ತಮ್ಮ ಬೆರಳಚ್ಚು ಪಡೆಯುವ ಕ್ರಮ ಬಂದಾಗ ೧೯೩೦ರಲ್ಲಿ ಮುಷ್ಕರ ಹೂಡಿದರು. ತಾವು ಕಳ್ಳರಲ್ಲವೆಂಬ ಮಾನದ ಪ್ರಶ್ನೆಯೂ ಅದರಲ್ಲಿ ಅಡಗಿತ್ತು. ಪಂಡಿತ ಅಯೋತಿದಾಸರ ಬೌದ್ಧ ಚಳವಳಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿ ಬೇರುಬಿಟ್ಟಿತು. ಅವರು ನಡೆಸುತ್ತಿದ್ದ 'ತಮಿಳನ್' ಪತ್ರಿಕೆಯನ್ನು ೧೯೨೬ರಿಂದ ಅಪ್ಪಾದುರೈಯವರು ಈ ಗಣಿಯೂರಿನಿಂದಲೇ ಹೊರಡಿಸಿದರು. ಧಾರಾವಾಹಿಯ ವಾಲ್ನಟ್ ಗ್ರೋವ್ ಊರಿನಲ್ಲಿ ಒಂದೇ ಕಟ್ಟಡ ವಾರದ ದಿನ ಶಾಲೆ, ಭಾನುವಾರ ಪ್ರಾರ್ಥನಾಮಂದಿರ. ಗಣಿಯ ಲೈನುಗಳ ಜನಕ್ಕೂ ಹಾಗೆ ಕೂಡಿ ಓದುವ, ಕೂಡಿ ಯೋಚಿಸುವ ತಾಣಗಳಿದ್ದವು. ಇವೆಲ್ಲ ತಮಿಳಿನಲ್ಲಿ ನಡೆದವೆಂಬ ಕಾರಣಕ್ಕೆ ಕನ್ನಡದ ನಮಗೆ ಕಾಣಿಸಲಿಲ್ಲ.

ಇಲ್ಲಿಯೇ ಆ ಧಾರಾವಾಹಿಯ ಹಿರಿಮೆಯನ್ನೂ ಒಪ್ಪಬೇಕು. ಅದರಲ್ಲಿ ಮರೆವಿದೆ, ಸಿಹಿಯೂ ಹೆಚ್ಚಾಗಿದೆ. ಆದರೆ ಚರಿತ್ರೆಯನ್ನು ಸೈನ್ಯದಿಂದಲೋ ಕಂಪನಿಯಿಂದಲೋ ಹೇಳದೆ, ಊಟದ ಮೇಜಿನಿಂದ ಹೇಳಿದ್ದು ಅದರ ಸಾಧನೆ. ಕೂಸು ಸತ್ತ ಮನೆಯ ಮೌನ, ಹಿರಿಯ ಮಗಳು ಮೇರಿಯ ಕಣ್ಣು ಹೋದಾಗ ತಂದೆಗೆ ಹೇಗೆ ತಿಳಿಸಬೇಕೆಂದು ತೋಚದ ಸಂಕಟ, ಇವುಗಳ ಮೂಲಕ ಒಂದು ಕಾಲದ ಬದುಕನ್ನು ಅದು ಕೋಟ್ಯಂತರ ಜನರ ಮನೆಯದನ್ನಾಗಿ ಮಾಡಿತು. ಕೋಲಾರದ ಗಣಿಯ ಹೆಸರು ಇಂದು ದೇಶಕ್ಕೆಲ್ಲ ಗೊತ್ತಿರುವುದು ೨೦೧೮ರಲ್ಲಿಯೂ ೨೦೨೨ರಲ್ಲಿಯೂ ಬಂದ 'ಕೆ.ಜಿ.ಎಫ್.' ಚಲನಚಿತ್ರಗಳಿಂದ. ಅವು ಕಲ್ಪಿತ ಲೋಕದ ಸಾಹಸ ಕಥೆಗಳು. ಚರಿತ್ರೆ ಹೇಳುವುದು ಅವುಗಳ ಉದ್ದೇಶವಲ್ಲ. ೨೦೨೪ರ ತಮಿಳು ಚಿತ್ರ 'ತಂಗಲಾನ್' ಗಣಿಯ ಮೂಲದ ಕಡೆಗೆ ನೋಡಿತು. ಆದರೆ ಆ ಪಾತ್ರೆಗಳ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತ ತಾಯಿಯ ಕಥೆ ಇನ್ನೂ ಬರಬೇಕಾಗಿದೆ.

೧೯೮೪ರಲ್ಲಿ ಪ್ರಸಾರವಾದ ವಿದಾಯದ ವಿಶೇಷ ಕಂತಿನಲ್ಲಿ, ಊರಿನ ನೆಲವೆಲ್ಲ ಒಬ್ಬ ಧನಿಕನ ಹೆಸರಿನಲ್ಲಿದೆಯೆಂದು ತಿಳಿದಾಗ ವಾಲ್ನಟ್ ಗ್ರೋವ್‌ನ ಜನ ತಾವೇ ಕಟ್ಟಿದ ಕಟ್ಟಡಗಳನ್ನು ಮದ್ದಿಟ್ಟು ಸಿಡಿಸಿ ಹೊರಟುಹೋಗುತ್ತಾರೆ. ಚಿತ್ರೀಕರಣಕ್ಕೆ ನಿರ್ಮಿಸಿದ್ದ ಊರನ್ನು ನಿಜವಾಗಿಯೇ ಹಾಗೆ ಕೆಡವಲಾಯಿತು. ನಮ್ಮ ಗಣಿಯೂರಿನ ಕೊನೆ ಹಾಗಾಗಲಿಲ್ಲ. ೧೯೫೬ರಲ್ಲಿ ರಾಜ್ಯದ ವಶಕ್ಕೆ, ೧೯೬೨ರಲ್ಲಿ ಕೇಂದ್ರದ ವಶಕ್ಕೆ ಬಂದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದ ಸಂಸ್ಥೆ ೨೦೦೧ರ ಫೆಬ್ರವರಿ ೨೮ರಂದು ಕೆಲಸ ನಿಲ್ಲಿಸಿತು. ಸುಮಾರು ಎಂಟುನೂರು ಟನ್ ಚಿನ್ನ ಹೊರಗೆ ಹೋಗಿತ್ತು. ಮೂರು ಕೋಟಿ ಟನ್ನಿಗೂ ಮೀರಿದ ಸೈನೈಡ್ ಮಣ್ಣಿನ ದಿಬ್ಬಗಳು ಉಳಿದವು. ಜನರೂ ಉಳಿದರು. ಹೊಲವಿಲ್ಲದೆ ಬಂದವರ ಮೊಮ್ಮಕ್ಕಳು ಇಂದು ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಅದೇ ಲೈನುಗಳಿಗೆ ಮರಳುತ್ತಾರೆ.

ಗಡಿಯೆಂಬುದು ಒಬ್ಬರಿಗೆ ಆರಂಭ, ಇನ್ನೊಬ್ಬರಿಗೆ ಅಂತ್ಯ. ಎರಡನ್ನೂ ಒಂದೇ ಸೂರಿನ ಕೆಳಗೆ ಹೇಳಬಲ್ಲ ಕಥೆಯೇ ಗಡಿನಾಡಿನ ನಿಜವಾದ ಚರಿತ್ರೆ. ಗಣಿಗೆ ಇಳಿದವರೂ ಅವರಿಗಾಗಿ ಕಾದವರೂ ಇಂದು ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿದ್ದಾರೆ. ಅವರು ತಮಿಳಿನಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ. ಕೇಳಿ ಕನ್ನಡದಲ್ಲಿ ಬರೆದಿಡುವ ಹೊಣೆ ನಮ್ಮದು. ಅವರು ಅಗೆದದ್ದು ಈ ನಾಡಿನ ನೆಲವನ್ನೇ ಅಲ್ಲವೆ?

(ಬಾನುಲಿ ಭಾಷಣ)